ಜರ್ನಲ್‌ನಲ್ಲಿ ಉಳಿದಿದ್ದ ಸೋಬಾನೆ ಪದಗಳು

ಫೈಲ್ ಡಿಲೀಟ್ ಆಗೋಯ್ತು ಅಂತ ಯಾರಾದ್ರೂ ಗಾಬರಿಯಲ್ಲಿ ಫೋನ್ ಮಾಡಿದ್ರೆ ನಾನು ಮೊದಲು ಹೇಳೋದು ಒಂದೇ ಮಾತು, ಆ ಮಷೀನ್ ಮುಟ್ಟಬೇಡಿ. ಗೂಗಲ್ ಮಾಡ್ಬೇಡಿ, ರಿಕವರಿ ಸಾಫ್ಟ್‌ವೇರ್ ಇಳಿಸ್ಕೋಬೇಡಿ, ಇನ್ನೊಂದ್ಸಲ ನೋಡೋಣ ಅಂತ ಫೋಲ್ಡರ್ ಮೇಲೆ ಫೋಲ್ಡರ್ ತೆಗೆದು ಹುಡುಕ್ಬೇಡಿ. ಕೇಳಿದವರಿಗೆ ಬೇಜಾರಾಗುತ್ತೆ, ಏನಾದ್ರೂ ಮಾಡಪ್ಪಾ ಅಂದ್ರೆ ಏನೂ ಮಾಡ್ಬೇಡಿ ಅಂತಾನಲ್ಲ ಅಂತ. ಆದ್ರೆ ಬ್ರೌಸರ್ ಒಂದು ಪೇಜ್ ತೋರಿಸೋಕೆ ಹೋದಾಗಲೂ ಕ್ಯಾಶ್ ಅಂತ ಆ ಪೇಜ್‌ನ ಒಂದು ಪ್ರತಿಯನ್ನ ಡಿಸ್ಕ್ ಮೇಲೆ ಬರೀತಾ ಇರುತ್ತೆ, ಸಿಸ್ಟಮ್ ತನ್ನ ಲಾಗ್ ಬರೀತಾ ಇರುತ್ತೆ, ನೀವು ಸುಮ್ನೆ ಕೂತಿದ್ರೂ ಅದು ಸುಮ್ನೆ ಕೂರಲ್ಲ, ಹಾಗೆ ಬರೆಯೋ ಒಂದೊಂದು ತುಣುಕೂ ನಿಮ್ಮ ಫೈಲ್ ಇದ್ದ ಜಾಗದಲ್ಲೇ ಬಂದು ಕೂರಬಹುದು. ಲಿನಕ್ಸ್ ಮಷೀನ್‌ಗಳನ್ನ ನಂಬ್ಕೊಂಡೇ ಹೊಟ್ಟೆಪಾಡು ನಡೆಸ್ತಿರೋ ನನಗೆ ಈ ಒಂದು ವಿಷಯ ಕನ್ನಡದಲ್ಲಿ ವಿವರವಾಗಿ ಬರೀಬೇಕು ಅನ್ನೋ ಆಸೆ ಬಹಳ ದಿನದಿಂದ ಇತ್ತು. ಯಾಕಂದ್ರೆ ಡಿಲೀಟ್ ಆದ್ಮೇಲೆ ಡಿಸ್ಕ್ ಒಳಗೆ ನಿಜವಾಗ್ಲೂ ಏನಾಗಿರುತ್ತೆ ಅಂತ ಗೊತ್ತಿದ್ರೆ ಜನ ಅರ್ಧ ನಷ್ಟ ತಪ್ಪಿಸ್ಕೋತಾರೆ.

ನಾನು ಹೇಳ್ತಿರೋದು ಎಕ್ಸ್‌ಟಿ4 ಬಗ್ಗೆ. ಉಬುಂಟು, ಡೆಬಿಯನ್ ಥರದ ಲಿನಕ್ಸ್ ಹಾಕಿರೋ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಇರೋ ಫೈಲ್‌ಸಿಸ್ಟಮ್, ಅಂದ್ರೆ ಡಿಸ್ಕ್ ಮೇಲೆ ಫೈಲ್‌ಗಳನ್ನ ಜೋಡಿಸಿಡೋ ವ್ಯವಸ್ಥೆ, ಇದೇ. ಇದರಲ್ಲಿ ಒಂದು ಫೈಲ್ ಅಂದ್ರೆ ಮೂರು ಕಡೆ ಹರಡಿರೋ ಮೂರು ಸಂಗತಿ. ಹೆಸರು ಇರೋದು ಡೈರೆಕ್ಟರಿಯಲ್ಲಿ, ಅಂದ್ರೆ ಫೋಲ್ಡರ್‌ನಲ್ಲಿ, ಅಲ್ಲಿ ಹೆಸರಿನ ಪಕ್ಕ ಒಂದು ನಂಬರ್ ಬಿಟ್ರೆ ಹೆಚ್ಚೇನೂ ಇರಲ್ಲ. ಆ ನಂಬರ್ ಹಿಡ್ಕೊಂಡು ಹೋದ್ರೆ ಐನೋಡ್ ಸಿಗುತ್ತೆ, ಸಾಮಾನ್ಯವಾಗಿ 256 ಬೈಟ್‌ನ ಒಂದು ಪುಟ್ಟ ದಾಖಲೆ, ಅದರಲ್ಲಿ ಫೈಲ್ ಯಾರದು, ಎಷ್ಟು ದೊಡ್ಡದು, ಯಾವಾಗ ಮುಟ್ಟಿದ್ದು, ಎಲ್ಲಕ್ಕಿಂತ ಮುಖ್ಯವಾಗಿ ಅದರ ಒಳಗಿನ ಮಾಲು ಡಿಸ್ಕ್‌ನ ಯಾವ ಯಾವ ಬ್ಲಾಕ್‌ನಲ್ಲಿದೆ ಅನ್ನೋ ವಿಳಾಸ. ಮೂರನೇದು ಆ ಬ್ಲಾಕ್‌ಗಳು, 4096 ಬೈಟ್‌ನ ತುಂಡುಗಳು, ನೀವು ಬರೆದಿದ್ದು ನಿಜಕ್ಕೂ ಇರೋದು ಅಲ್ಲಿ. ಡಿಲೀಟ್ ಮಾಡಿದಾಗ ಈ ಮೂರನೇದನ್ನ ಯಾರೂ ಮುಟ್ಟೋದಿಲ್ಲ. ಯಾವ ಬ್ಲಾಕ್ ಖಾಲಿ, ಯಾವುದು ಭರ್ತಿ ಅಂತ ಲೆಕ್ಕ ಇಡೋ ಬಿಟ್‌ಮ್ಯಾಪ್‌ನಲ್ಲಿ ಈ ಬ್ಲಾಕ್‌ಗಳು ಖಾಲಿ ಅಂತ ಗುರುತಾಗುತ್ತೆ ಅಷ್ಟೇ, ಮಾಲು ಅಲ್ಲೇ ಬಿದ್ದಿರುತ್ತೆ, ಬೇರೆ ಯಾರಾದ್ರೂ ಬಂದು ಅದರ ಮೇಲೆ ಬರೆಯೋವರೆಗೂ.

ಹಾಗಾದ್ರೆ ವಾಪಸ್ ತರೋದು ಯಾಕೆ ಕಷ್ಟ? 1993ರಲ್ಲಿ ಬಂದ ಎಕ್ಸ್‌ಟಿ2 ಕಾಲದಲ್ಲಿ ಅಷ್ಟೇನೂ ಕಷ್ಟ ಇರ್ಲಿಲ್ಲ. ಆಗ ಫೈಲ್ ಅಳಿಸಿದ್ರೆ ಐನೋಡ್ ಮೇಲೆ ಅಳಿಸಿದ ಟೈಮ್ ಬರೆದು ಬಿಡ್ತಿತ್ತು, ಒಳಗಿನ ವಿಳಾಸಗಳು ಹಾಗೇ ಇರ್ತಿದ್ದವು. ಡೀಬಗ್‌ಎಫ್‌ಎಸ್ ಅನ್ನೋ ಟೂಲ್ ಒಳಗೆ ಹೋಗಿ ಅಳಿಸಿದ ಐನೋಡ್‌ಗಳ ಪಟ್ಟಿ ಕೊಡು ಅಂದ್ರೆ ಕೊಡ್ತಿತ್ತು, ಬೇಕಾದ್ದನ್ನ ಡಂಪ್ ಮಾಡ್ಕೊಂಡ್ರೆ ಕೆಲಸ ಮುಗೀತು. ಎಕ್ಸ್‌ಟಿ3 ಬಂದ್ಮೇಲೆ ಈ ಬಾಗಿಲು ಮುಚ್ಚಿಹೋಯ್ತು. ಸ್ಟೀಫನ್ ಟ್ವೀಡಿ ಬರೆದ ಈ ಜರ್ನಲಿಂಗ್ ಫೈಲ್‌ಸಿಸ್ಟಮ್ 2001ರ ನವೆಂಬರ್‌ನಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.4.15 ಆವೃತ್ತಿ ಜೊತೆ ಮುಖ್ಯವಾಹಿನಿಗೆ ಬಂತು, ಅದರಲ್ಲೂ ಅದರ ನಂತರದ ಎಕ್ಸ್‌ಟಿ4ನಲ್ಲೂ ಫೈಲ್ ಅಳಿಸಿದ್ರೆ ಐನೋಡ್ ಒಳಗಿನ ವಿಳಾಸಗಳನ್ನೂ ಸೊನ್ನೆ ಮಾಡಿ ಹೋಗುತ್ತೆ.

ಇದನ್ನ ಕೇಳಿ ಎಷ್ಟೋ ಜನ ಇದೆಂಥ ಕ್ರೂರ ವಿನ್ಯಾಸ ಅಂತಾರೆ, ನನಗೆ ಹಾಗೆ ಅನ್ಸಲ್ಲ. ದೊಡ್ಡ ಫೈಲ್ ಒಂದನ್ನ ಅಳಿಸೋದು ಒಂದೇ ಏಟಿಗೆ ಮುಗಿಯೋ ಕೆಲಸ ಅಲ್ಲ, ಸ್ವಲ್ಪ ಸ್ವಲ್ಪ ಬ್ಲಾಕ್ ಬಿಡುಗಡೆ ಮಾಡ್ತಾ ಹಲವು ಕಂತಲ್ಲಿ ಆಗುತ್ತೆ, ಮಧ್ಯದಲ್ಲಿ ಕರೆಂಟ್ ಹೋಗಬಹುದು. ಕರೆಂಟ್ ಬಂದ್ಮೇಲೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸ್ಬೇಕು. ಬಿಟ್ಟುಕೊಟ್ಟ ಬ್ಲಾಕ್‌ನ ವಿಳಾಸ ಐನೋಡ್‌ನಲ್ಲಿ ಇನ್ನೂ ಉಳಿದಿದ್ರೆ, ಅಷ್ಟರಲ್ಲಿ ಅದೇ ಬ್ಲಾಕ್ ಬೇರೆ ಫೈಲ್‌ಗೆ ಹೋಗಿದ್ರೆ, ಈಗ ಅದನ್ನ ಮತ್ತೆ ಖಾಲಿ ಅಂತ ಗುರುತು ಮಾಡಿ ಇನ್ನೊಬ್ಬರ ಫೈಲ್ ಹಾಳು ಮಾಡಿದ ಹಾಗಾಗುತ್ತೆ. ಅದಕ್ಕೇ ಬಿಡ್ತಾ ಬಿಡ್ತಾ ವಿಳಾಸ ಒರೆಸ್ಕೊಂಡು ಹೋಗೋದು. ಬೆಸ್ಕಾಂ ಆಗ್ಲಿ ಹೆಸ್ಕಾಂ ಆಗ್ಲಿ ದಿನಕ್ಕೆ ನಾಕು ಸಲ ಕರೆಂಟ್ ತೆಗೆಯೋ ಊರುಗಳಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗಳು ಉಳಿದು ಬಾಳ್ತಿರೋದೇ ಈ ಎಚ್ಚರಿಕೆಯಿಂದ. ಹಳೇ ಎಕ್ಸ್‌ಟಿ2 ಆಗಿದ್ರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ್ಲೂ ಇಡೀ ಡಿಸ್ಕ್ ಪರೀಕ್ಷೆ ಮುಗಿಯೋವರೆಗೆ ಕಾಯ್ಬೇಕಿತ್ತು, ದೊಡ್ಡ ಡಿಸ್ಕ್ ಆದ್ರೆ ಗಂಟೆಗಟ್ಲೆ.

ಜರ್ನಲ್ ಅಂದ್ರೇನು ಅಂತ ಇಲ್ಲಿ ಹೇಳ್ಬಿಡ್ಬೇಕು. ಮಂಡಿ ಅಂಗಡಿಯಲ್ಲಿ ಸಾಹುಕಾರರು ದಿನದ ವ್ಯವಹಾರ ಎಲ್ಲ ಮೊದಲು ಕಿರ್ದಿ ಪುಸ್ತಕದಲ್ಲಿ ಬರ್ಕೊಂಡು ಆಮೇಲೆ ಖಾತೆ ಪುಸ್ತಕಕ್ಕೆ ಏರಿಸ್ತಾರಲ್ಲ, ಹಾಗೇ ಫೈಲ್‌ಸಿಸ್ಟಮ್ ಕೂಡ ಬದಲಾವಣೆಗಳನ್ನ ಮೊದಲು ಜರ್ನಲ್‌ನಲ್ಲಿ ಬರೆದು ಆಮೇಲೆ ಅಸಲಿ ಜಾಗಕ್ಕೆ ಬರಿಯುತ್ತೆ. ಹೀಗೆ ಕೂಡಿಬಿದ್ದ ಬದಲಾವಣೆಗಳನ್ನ ಒಟ್ಟಿಗೆ ಜರ್ನಲ್‌ಗೆ ಬರೆಯೋದಕ್ಕೆ ಕಮಿಟ್ ಅಂತಾರೆ, ಡೀಫಾಲ್ಟ್ ಆಗಿ ಸುಮಾರು 5 ಸೆಕೆಂಡಿಗೊಂದ್ಸಲ. ಮಧ್ಯದಲ್ಲಿ ಮಷೀನ್ ಸತ್ರೆ ಮುಂದಿನ ಬೂಟ್‌ನಲ್ಲಿ ಜರ್ನಲ್ ನೋಡಿ ಅರ್ಧಕ್ಕೆ ನಿಂತಿದ್ದನ್ನ ಸರಿ ಮಾಡ್ಕೊಳ್ಳುತ್ತೆ. ಆದ್ರೆ ಜನ ತಪ್ಪು ತಿಳ್ಕೊಳ್ಳೋ ಜಾಗ ಇದೇ. ಮಾಮೂಲಿ ಆರ್ಡರ್ಡ್ ಮೋಡ್‌ನಲ್ಲಿ ಈ ಜರ್ನಲ್‌ಗೆ ಹೋಗೋದು ಮೆಟಾಡೇಟಾ ಮಾತ್ರ, ಅಂದ್ರೆ ಐನೋಡ್, ಡೈರೆಕ್ಟರಿ, ಬಿಟ್‌ಮ್ಯಾಪ್ ಇಂಥವು. ನಿಮ್ಮ ಕವಿತೆ, ನಿಮ್ಮ ಮಗಳ ಫೋಟೋ ಅಲ್ಲಿಗೆ ಹೋಗೋದಿಲ್ಲ. ಜರ್ನಲ್ ಇರೋದು ಫೈಲ್‌ಸಿಸ್ಟಮ್ ತನ್ನ ಲೆಕ್ಕ ತಾನು ಸರಿ ಇಟ್ಕೊಳ್ಳೋಕೆ, ನಿಮ್ಮ ಫೈಲ್ ಕಾಯೋಕೆ ಅಂತ ಯಾರೂ ಅದನ್ನ ಕಟ್ಟಿಲ್ಲ. ಜರ್ನಲಿಂಗ್ ಇದೆ, ನನ್ನ ಡೇಟಾ ಸೇಫ್ ಅಂತ ಹೇಳೋರನ್ನ ಐಟಿ ಕಂಪನಿಗಳ ಒಳಗೂ ನೋಡಿದೀನಿ.

ಆದ್ರೂ ನಾವು ಫೈಲ್ ವಾಪಸ್ ತರೋದು ಅದೇ ಜರ್ನಲ್‌ನಿಂದ. ಅದು ಹೇಗೆ ಅನ್ನೋದು ನನಗೆ ಈ ಇಡೀ ವಿಷಯದಲ್ಲೇ ಅತಿ ಇಷ್ಟವಾದ ಭಾಗ, ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಜರ್ನಲ್ ಬರೆಯೋದು ಬ್ಲಾಕ್ ಲೆಕ್ಕದಲ್ಲಿ. ಒಂದು ಐನೋಡ್‌ನಲ್ಲಿ ನಾಕು ಬೈಟ್ ಬದಲಾದ್ರೂ ಅದು ಕೂತಿರೋ ಪೂರ್ತಿ 4096 ಬೈಟ್‌ನ ಬ್ಲಾಕ್ ಜರ್ನಲ್‌ಗೆ ಕಾಪಿ ಆಗುತ್ತೆ. 256 ಬೈಟ್‌ನ ಐನೋಡ್ ಅಂದ್ರೆ ಒಂದು ಬ್ಲಾಕ್‌ನಲ್ಲಿ 16 ಐನೋಡ್. ಎಕ್ಸ್‌ಟಿ4 ಡಿಸ್ಕ್ ಅನ್ನ ಗ್ರೂಪ್‌ಗಳಾಗಿ ಹಂಚಿರುತ್ತೆ, ಒಂದು ಗ್ರೂಪ್‌ಗೆ 8192 ಐನೋಡ್ ಇರೋ ಮಾಮೂಲಿ ಡಿಸ್ಕ್‌ನಲ್ಲಿ ನಿಮ್ಮ ಫೈಲ್‌ನ ಐನೋಡ್ ನಂಬರ್ 131080 ಅಂತ ಇಟ್ಕೊಳ್ಳಿ, 131073ರಿಂದ 131088ರವರೆಗಿನ ಹದಿನಾರೂ ಒಂದೇ ಬ್ಲಾಕ್‌ನಲ್ಲಿ ಅಕ್ಕಪಕ್ಕ ಇರ್ತವೆ. ಇದರಲ್ಲಿ ಯಾವುದೋ ಒಂದನ್ನ ಯಾರೋ ಮುಟ್ಟಿದ್ರು, ಹೆಸರು ಬದಲಾಯಿಸಿದ್ರು, ಎರಡು ಸಾಲು ಸೇರಿಸಿದ್ರು, ಅಷ್ಟೇ ಯಾಕೆ ಬರೀ ತೆರೆದು ಓದಿದ್ರು ಅಂದ್ರೂ ಓದಿದ ಟೈಮ್ ಅಪ್‌ಡೇಟ್ ಆಗೋ ಸಂದರ್ಭ ಇದ್ರೆ ಆ ಐನೋಡ್ ಬದಲಾಗುತ್ತೆ, ಅದರ ಜೊತೆ ಬಾಕಿ 15ರ ಕಾಪಿಯೂ ಜರ್ನಲ್‌ಗೆ ಹೋಗುತ್ತೆ. ನಿಮ್ಮ ಫೈಲ್ ಸುದ್ದಿಗೆ ಯಾರೂ ಹೋಗಿರಲ್ಲ, ಆದ್ರೂ ಅದರ ಆವತ್ತಿನ ವಿಳಾಸ ಸಮೇತ ಜರ್ನಲ್‌ನಲ್ಲಿ ಒಂದು ಪ್ರತಿ ಬಿದ್ದಿರುತ್ತೆ. ನಾಳೆ ನೀವು ಡಿಲೀಟ್ ಮಾಡ್ತೀರಿ, ಅಸಲಿ ಐನೋಡ್‌ನಲ್ಲಿ ವಿಳಾಸ ಸೊನ್ನೆ ಆಗುತ್ತೆ, ಆದ್ರೆ ಜರ್ನಲ್ ಒಳಗಿನ ಆ ಹಳೇ ಪ್ರತಿಯಲ್ಲಿ ವಿಳಾಸ ಹಾಗೇ ಇರುತ್ತೆ.

ಇಲ್ಲೊಂದು ಸೂಕ್ಷ್ಮ ಇದೆ. ಡಿಲೀಟ್ ಮಾಡಿದ ಆ ಕ್ಷಣದ ದಾಖಲೆ ನಮ್ಮ ಉಪಯೋಗಕ್ಕೆ ಬರೋದು ಕಮ್ಮಿ, ಯಾಕಂದ್ರೆ ಒಂದೇ ಕಮಿಟ್ ಒಳಗೆ ಒಂದು ಬ್ಲಾಕ್ ಎಷ್ಟು ಸಲ ಬದಲಾದ್ರೂ ಜರ್ನಲ್‌ಗೆ ಹೋಗೋದು ಕೊನೇ ರೂಪ, ಅಂದ್ರೆ ಅಳಿಸಿದ ರೂಪ. ನಮಗೆ ಬೇಕಾಗಿರೋದು ಅದಕ್ಕಿಂತ ಮುಂಚಿನ ಪ್ರತಿ. ಅದು ಎಷ್ಟು ಹಿಂದಿನವರೆಗೆ ಸಿಗುತ್ತೆ ಅನ್ನೋದು ಜರ್ನಲ್ ಎಷ್ಟು ದೊಡ್ಡದು, ಆಮೇಲೆ ಎಷ್ಟು ಓಡಾಟ ಆಗಿದೆ ಅನ್ನೋದರ ಮೇಲೆ. 128 ಎಂಬಿ ಜರ್ನಲ್ ಬಹಳ ಮಷೀನ್‌ಗಳಲ್ಲಿದೆ, ದೊಡ್ಡ ಪಾರ್ಟಿಷನ್‌ಗಳಲ್ಲಿ ಈಗ 1 ಜಿಬಿವರೆಗೂ ಇರುತ್ತೆ. 128 ಎಂಬಿ ಅಂದ್ರೆ 32768 ಬ್ಲಾಕ್, ಕೊನೆ ಮುಟ್ಟಿದ್ರೆ ಮತ್ತೆ ಮೊದಲಿಂದ ಹಳೇದರ ಮೇಲೇ ಬರ್ಕೊಂಡು ಹೋಗುತ್ತೆ. ಸುಮ್ನಿರೋ ಲ್ಯಾಪ್‌ಟಾಪ್‌ನಲ್ಲಿ ಇದಕ್ಕೆ ತುಂಬಾ ಹೊತ್ತು ಬೇಕು, ಗಾಬರಿ ಬಿದ್ದು ಏನೇನೋ ಇನ್‌ಸ್ಟಾಲ್ ಮಾಡ್ತಿರೋ ಲ್ಯಾಪ್‌ಟಾಪ್‌ನಲ್ಲಿ ಬೇಗ ಆಗೋಗುತ್ತೆ. ಮಷೀನ್ ಮುಟ್ಟಬೇಡಿ ಅಂತ ಬೇಡ್ಕೊಳ್ಳೋದು ಇದಕ್ಕೇ, ಒಳಗಿನ ಬ್ಲಾಕ್‌ಗಳನ್ನ ಉಳಿಸೋಕೆ ಎಷ್ಟೋ ಅಷ್ಟೇ ಈ ಹಳೇ ವಿಳಾಸಗಳನ್ನ ಉಳಿಸೋಕೆ.

ಇದನ್ನ ಮೊದಲು ಒಂದು ಟೂಲ್ ಆಗಿ ಮಾಡಿ ಜನರ ಕೈಗೆ ಕೊಟ್ಟವರು ಕಾರ್ಲೋ ವುಡ್. 2008ರಲ್ಲಿ ಅವರ ಇಡೀ ಹೋಮ್ ಡೈರೆಕ್ಟರಿ ಫೈಲ್ ಅಳಿಸೋ ಆರ್‌ಎಂ ಅನ್ನೋ ಒಂದು ಕಮಾಂಡ್‌ಗೆ ಹೋಯ್ತು. ಎಕ್ಸ್‌ಟಿ3ಯಲ್ಲಿ ಅಳಿಸಿದ್ದು ಬರಲ್ಲ ಅನ್ನೋದು ಆಗ ಎಲ್ಲರೂ ಒಪ್ಕೊಂಡಿದ್ದ ಮಾತು, ಅವರು ಒಪ್ಕೊಳ್ಳಲಿಲ್ಲ. ಕೂತು ಡಿಸ್ಕ್‌ನ ರಚನೆ ಓದಿ ಎಕ್ಸ್‌ಟಿ3ಗ್ರೆಪ್ ಬರೆದ್ರು, ತಮ್ಮ ಫೈಲ್‌ಗಳನ್ನ ವಾಪಸ್ ತಗೊಂಡ್ರು, ಆಮೇಲೆ ಹೇಗೆ ಮಾಡಿದ್ರು ಅನ್ನೋದನ್ನ ಉದ್ದಕ್ಕೆ ಬರೆದು ಎಲ್ಲರಿಗೂ ಬಿಟ್ಟುಕೊಟ್ರು. ನನಗೆ ಆ ಬರಹದ ಮೇಲೆ ಬಹಳ ಗೌರವ. ಅದರ ದಾರಿಯಲ್ಲೇ ಎಕ್ಸ್‌ಟಿ4ಗೂ ಎಕ್ಸ್‌ಟಿಅನ್‌ಡಿಲೀಟ್, ಎಕ್ಸ್‌ಟಿ4ಮ್ಯಾಜಿಕ್ ಬಂದವು. ಇವತ್ತಿಗೂ ನಾನು ಬಳಸೋದು ಇವೆರಡನ್ನೇ, ಆದ್ರೆ ಎರಡೂ ಹಳೇವಾಗಿವೆ, ಹೊಸ ಫೀಚರ್ ಇರೋ ಡಿಸ್ಕ್ ಮೇಲೆ ಒಮ್ಮೊಮ್ಮೆ ಅರ್ಧಕ್ಕೇ ನಿಂತುಹೋಗ್ತವೆ, ಆಗ ಡೀಬಗ್‌ಎಫ್‌ಎಸ್ ಹಿಡ್ಕೊಂಡು ಕೈಯಾರೆ ಜರ್ನಲ್ ಓದೋದೇ ದಾರಿ.

ಇಷ್ಟೆಲ್ಲ ಹೇಳಿದ್ಮೇಲೆ ಮೇಷ್ಟ್ರ ಹಾರ್ಡ್‌ಡಿಸ್ಕ್ ವಿಷಯಕ್ಕೆ ಬರ್ತೀನಿ. ನಮ್ಮ ಕಡೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು, ಈಗ ರಿಟೈರ್ ಆಗಿದಾರೆ, ಊರೂರು ತಿರುಗಿ ಮದುವೆ ಮನೆಯ ಸೋಬಾನೆ ಪದ, ಬೀಸೋ ಪದ, ನಾಟಿ ಪದ ಎಲ್ಲ ಬರ್ಕೊಂಡು ಬಂದು ಟೈಪ್ ಮಾಡಿ ಇಟ್ಟಿದ್ರು. ಹಾಡಿದ ಅಜ್ಜಿಯರಲ್ಲಿ ಎಷ್ಟೋ ಜನ ಈಗಿಲ್ಲ. ಒಂದೊಂದು ಪದಕ್ಕೆ ಒಂದೊಂದು ಟೆಕ್ಸ್ಟ್ ಫೈಲ್, ಫೈಲ್ ಹೆಸರೇ ಪದದ ಮೊದಲ ಸಾಲು. ಜಾಗ ಸಾಲ್ತಿಲ್ಲ ಅಂತ ಮನೆಯವರೊಬ್ರು ಹಳೇ ಫೋಲ್ಡರ್‌ಗಳನ್ನ ಶಿಫ್ಟ್ ಡಿಲೀಟ್ ಮಾಡುವಾಗ ಅದೂ ಜೊತೆಗೆ ಹೋಗಿತ್ತು. ಮೇಷ್ಟ್ರಿಗೆ ಕಂಪ್ಯೂಟರ್ ಜ್ಞಾನ ಅಷ್ಟಕ್ಕಷ್ಟೇ, ಆದ್ರೆ ಸಂಗತಿ ಗೊತ್ತಾದ ತಕ್ಷಣ ಲ್ಯಾಪ್‌ಟಾಪ್ ಆಫ್ ಮಾಡಿ ಬೀರುವಿನಲ್ಲಿಟ್ಟು ಬೀಗ ಹಾಕಿ ಆಮೇಲೆ ಫೋನ್ ಮಾಡಿದ್ರು. ಅದಕ್ಕಿಂತ ಸರಿಯಾದ ಕೆಲಸ ಇಂಜಿನಿಯರ್ ಕೂಡ ಮಾಡಕ್ಕಾಗ್ತಿರ್ಲಿಲ್ಲ.

ಹಾರ್ಡ್‌ಡಿಸ್ಕ್ ಬಿಚ್ಚಿ ಇನ್ನೊಂದು ಮಷೀನ್‌ಗೆ ಹಾಕಿ ಮೊದಲು ಮಾಡಿದ್ದು ಡಿಡಿರೆಸ್ಕ್ಯೂ ಅನ್ನೋ ಟೂಲ್‌ನಲ್ಲಿ ಬೈಟ್ ಬೈಟ್‌ಗೆ ಇಮೇಜ್, ಅಂದ್ರೆ ಇಡೀ ಡಿಸ್ಕ್‌ನ ಪಡಿಯಚ್ಚು, ತೆಗೆದಿದ್ದು. ಮುಂದಿನ ಎಲ್ಲ ಪ್ರಯೋಗ ಆ ಇಮೇಜ್‌ನ ಕಾಪಿ ಮೇಲೆ, ಅಸಲಿ ಡಿಸ್ಕ್ ಕವರ್‌ನಲ್ಲಿ. ಇಲ್ಲೊಂದು ಎಚ್ಚರಿಕೆ ಹೇಳ್ಲೇಬೇಕು, ಡಿಸ್ಕ್ ಅನ್ನ ರೀಡ್‌ಓನ್ಲಿ ಅಂತ ಮೌಂಟ್ ಮಾಡಿದ್ರೆ, ಅಂದ್ರೆ ಬರೀ ಓದೋಕೆ ಅಂತ ಸಿಸ್ಟಮ್‌ಗೆ ಜೋಡಿಸಿದ್ರೆ, ಏನೂ ಬರೆಯಲ್ಲ ಅಂತ ನಂಬ್ಕೊಂಡಿರ್ತೀವಿ, ಆದ್ರೆ ಎಕ್ಸ್‌ಟಿ4 ಹಾಗೆ ಮೌಂಟ್ ಆಗುವಾಗ್ಲೂ ಜರ್ನಲ್ ಬಾಕಿ ಇದ್ರೆ ಅದನ್ನ ಪ್ಲೇ ಮಾಡಿ ಡಿಸ್ಕ್‌ಗೆ ಬರೆದೇ ಬಿಡುತ್ತೆ. ಅದಾಗ್ಬಾರದು ಅಂದ್ರೆ ನೋಲೋಡ್ ಅನ್ನೋ ಆಪ್ಷನ್ ಕೂಡ ಕೊಡ್ಬೇಕು.

ಅದೃಷ್ಟ ಅಂದ್ರೆ ಆವತ್ತು ಬೆಳಿಗ್ಗೆ ಮೇಷ್ಟ್ರು ಯಾವುದೋ ಕಾರ್ಯಕ್ರಮಕ್ಕೆ ಅಂತ ಆ ಫೋಲ್ಡರ್‌ನ ಕೆಲವು ಪದ ತೆಗೆದು ಓದಿದ್ರು, ಒಂದೆರಡರಲ್ಲಿ ಕಾಗುಣಿತ ತಿದ್ದಿದ್ರು. ಒಂದು ಫೋಲ್ಡರ್‌ನ ಫೈಲ್‌ಗಳ ಐನೋಡ್‌ಗಳನ್ನ ಎಕ್ಸ್‌ಟಿ4 ಆದಷ್ಟೂ ಹತ್ತಿರ ಹತ್ತಿರ ಇಡುತ್ತೆ. ಹಾಗಾಗಿ ಓದಿದ ಒಂದೊಂದು ಪದದ ಜೊತೆ ಅದರ ಅಕ್ಕಪಕ್ಕದ ಓದದೇ ಇದ್ದ ಪದಗಳ ವಿಳಾಸವೂ ಜರ್ನಲ್‌ಗೆ ಸೇರಿತ್ತು. ಡಿಲೀಟ್ ಆದ ಟೈಮ್‌ಗಿಂತ ಮುಂಚಿನ ಪ್ರತಿಗಳನ್ನೇ ನೋಡು ಅಂತ ಎಕ್ಸ್‌ಟಿ4ಮ್ಯಾಜಿಕ್‌ಗೆ ಹೇಳಿದಾಗ ಪರದೆ ಮೇಲೆ ಒಂದರ ಕೆಳಗೊಂದು ಹೆಸರು ಬರೋಕೆ ಶುರುವಾಯ್ತು, ಹೆಸರೇ ಮೊದಲ ಸಾಲು ಆಗಿದ್ರಿಂದ ಪಟ್ಟಿ ಓದ್ತಿದ್ರೆ ಹಾಡು ಓದಿದ ಹಾಗೇ ಇತ್ತು. ಹೆಸರುಗಳು ಉಳಿದಿದ್ದಕ್ಕೂ ಒಂದು ಕಾರಣ ಇದೆ. ಡೈರೆಕ್ಟರಿಯಲ್ಲಿ ಒಂದು ಹೆಸರು ಅಳಿಸ್ಬೇಕು ಅಂದ್ರೆ ಹಳೇ ಕರ್ನಲ್‌ಗಳು ಅದರ ಹಿಂದಿನ ಎಂಟ್ರಿಯ ಉದ್ದ ಜಾಸ್ತಿ ಮಾಡಿ ಇದರ ಮೇಲಿಂದ ಹಾರಿ ಹೋಗೋ ಹಾಗೆ ಮಾಡ್ತಿದ್ವು ಅಷ್ಟೇ, ಹೆಸರಿನ ಅಕ್ಷರಗಳು ಅಲ್ಲೇ ಇರ್ತಿದ್ವು, ಐನೋಡ್ ನಂಬರ್ ಕೂಡ ಸಾಮಾನ್ಯವಾಗಿ ಪಕ್ಕದಲ್ಲೇ ಇರ್ತಿತ್ತು.

ಬಹುಪಾಲು ಹೀಗೇ ಬಂತು, ಆದ್ರೆ ಕೆಲವು ಬರಲಿಲ್ಲ. ಅವುಗಳ ಐನೋಡ್ ಇದ್ದ ಬ್ಲಾಕ್‌ಗಳನ್ನ ಇತ್ತೀಚೆಗೆ ಯಾರೂ ಮುಟ್ಟಿರ್ಲಿಲ್ಲ, ಜರ್ನಲ್‌ನಲ್ಲಿ ಹಳೇ ಪ್ರತಿಯೇ ಇಲ್ಲ. ಇಂಥ ಕಡೆ ಎಲ್ಲರೂ ಹೇಳೋದು ಫೋಟೋರೆಕ್ ಬಳಸಿ ಅಂತ. ಕ್ರಿಸ್ಟೋಫ್ ಗ್ರೆನಿಯರ್ ಬರೆದಿರೋ ಒಳ್ಳೇ ಟೂಲ್ ಅದು, ವಿಳಾಸದ ಗೊಡವೆಗೇ ಹೋಗದೆ ಬ್ಲಾಕ್‌ಗಳನ್ನ ಓದ್ತಾ ಫೋಟೋದ ತಲೆ, ಪಿಡಿಎಫ್‌ನ ತಲೆ ಹೇಗಿರುತ್ತೆ ಅಂತ ಗುರುತು ಹಿಡಿದು ಎತ್ತುತ್ತೆ, ಹೆಸರು ಮಾತ್ರ ಕೊಡೋಕಾಗಲ್ಲ. ಆದ್ರೆ ಬರೀ ಟೆಕ್ಸ್ಟ್ ಫೈಲ್‌ಗೆ ತಲೆ ಅಂತ ಏನೂ ಇರಲ್ಲವಲ್ಲ, ಮೊದಲ ಬೈಟೇ ಹಾಡಿನ ಮೊದಲ ಅಕ್ಷರ. ಇನ್ನು ಬೈನರಿಯಲ್ಲಿ ಟೆಕ್ಸ್ಟ್ ಹುಡುಕೋ ಸ್ಟ್ರಿಂಗ್ಸ್ ಕಮಾಂಡ್ ಡೀಫಾಲ್ಟ್ ಆಗಿ ಇಂಗ್ಲಿಷ್ ಅಕ್ಷರಗಳನ್ನ ಮಾತ್ರ ಟೆಕ್ಸ್ಟ್ ಅನ್ಕೊಳ್ಳುತ್ತೆ. ಅದನ್ನ ಓಡಿಸಿ ಏನೂ ಸಿಗ್ಲಿಲ್ಲ ಅಂತ ಕನ್ನಡದ ಡಿಸ್ಕ್ ಕೈಬಿಟ್ಟವರು ಎಷ್ಟು ಜನ ಇರಬಹುದೋ ಅಂತ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಆದ್ರೆ ಕನ್ನಡಕ್ಕೇ ಒಂದು ಅನುಕೂಲ ಇದೆ, ಇದನ್ನ ಎಲ್ಲರಿಗೂ ಹೇಳ್ಬೇಕು ಅಂತಲೇ ಈ ಬರಹ ಶುರು ಮಾಡಿದ್ದು. ಯುನಿಕೋಡ್ ಕನ್ನಡ ಯುಟಿಎಫ್-8 ಅನ್ನೋ ಬೈಟ್ ರೂಪದಲ್ಲಿ ಡಿಸ್ಕ್ ಮೇಲೆ ಕೂತಾಗ ಒಂದೊಂದು ಚಿಹ್ನೆಗೂ ಮೂರು ಬೈಟ್, ಮೊದಲನೇದು ಯಾವಾಗ್ಲೂ 224, ಎರಡನೇದು 178 ಇಲ್ಲಾ 179, ಮೂರನೇದು ಮಾತ್ರ ಅಕ್ಷರದಿಂದ ಅಕ್ಷರಕ್ಕೆ ಬೇರೆ. ಕ ಅಂದ್ರೆ 224, 178, 149. ಅ ಅಂದ್ರೆ 224, 178, 133. ಇದು ಎಂಥ ಎದ್ದು ಕಾಣೋ ಗುರುತು ಅಂದ್ರೆ, 224 178 ಏನೋ ಒಂದು, 224 179 ಏನೋ ಒಂದು ಅಂತ ಸಾಲಾಗಿ ಹತ್ತಿಪ್ಪತ್ತು ಸಲ ಬಂತು ಅಂದ್ರೆ ಅದು ಕನ್ನಡ ಬರಹವೇ, ಆಕಸ್ಮಿಕವಾಗಿ ಬೇರೆ ಯಾವುದೂ ಹಾಗೆ ಇರೋದು ಬಹಳ ಅಪರೂಪ. ಗ್ರೆಪ್ ಅನ್ನೋ ಹುಡುಕೋ ಕಮಾಂಡ್‌ಗೆ ಈ ಬೈಟ್‌ಗಳನ್ನೇ ಕೊಟ್ಟು, ಬೈನರಿಯನ್ನೂ ಟೆಕ್ಸ್ಟ್ ಅಂತಲೇ ಓದು, ಸಿಕ್ಕಿದ ಜಾಗದ ಲೆಕ್ಕ ಕೊಡು ಅಂತ ಹೇಳಿದ್ರೆ ಡಿಸ್ಕ್‌ನಲ್ಲಿ ಕನ್ನಡ ಎಲ್ಲೆಲ್ಲಿದೆ ಅಂತ ಪಟ್ಟಿ ಕೊಟ್ಟುಬಿಡುತ್ತೆ. ಅದರಲ್ಲಿ ಬ್ರೌಸರ್ ಕ್ಯಾಶ್‌ನ ನ್ಯೂಸ್ ಪೇಜ್‌ಗಳೂ ಬರ್ತವೆ, ಸಿಸ್ಟಮ್‌ನ ಕನ್ನಡ ಅನುವಾದಗಳೂ ಬರ್ತವೆ. ಜಾಗದ ಲೆಕ್ಕವನ್ನ 4096ರಿಂದ ಭಾಗಿಸಿದ್ರೆ ಬ್ಲಾಕ್ ನಂಬರ್, ಆ ಬ್ಲಾಕ್ ಈಗ ಯಾರದಾದ್ರೂ ಫೈಲ್‌ಗೆ ಸೇರಿದೆಯಾ ಅಂತ ಡೀಬಗ್‌ಎಫ್‌ಎಸ್ ಕೇಳಿ, ಸೇರಿದ್ರೆ ಬಿಟ್ಟು, ಖಾಲಿ ಅಂತ ಗುರುತಾಗಿರೋದನ್ನ ಮಾತ್ರ ಎತ್ಕೊಂಡ್ವಿ.

ಒಂದು ಬ್ಲಾಕ್‌ಗೆ ಸುಮಾರು 1365 ಕನ್ನಡ ಚಿಹ್ನೆ ಹಿಡಿಯುತ್ತೆ, ಸಣ್ಣ ಸೋಬಾನೆ ಪದ ಒಂದೇ ಬ್ಲಾಕ್‌ನಲ್ಲಿ ಪೂರ್ತಿ ಮುಗಿದುಹೋಗಿರುತ್ತೆ. ಆ ಬ್ಲಾಕ್ ಉಳಿದಿದ್ರೆ ಪದ ಇಡಿಯಾಗಿ ಉಳೀತು. ಉದ್ದದ ಪದಗಳು ಎರಡು ಮೂರು ಬ್ಲಾಕ್‌ಗೆ ಹರಡಿದ್ವು, ಸಾಮಾನ್ಯವಾಗಿ ಅಕ್ಕಪಕ್ಕದಲ್ಲೇ, ಕೆಲವು ದೂರ ದೂರ. ಇದನ್ನ ಜೋಡಿಸುವಾಗ ಸಿಕ್ಕ ಒಂದು ವಿಷಯ ನನ್ನನ್ನ ಇವತ್ತಿಗೂ ಖುಷಿ ಪಡಿಸುತ್ತೆ. 4096 ಮೂರರಿಂದ ಭಾಗ ಆಗಲ್ಲ, ಮಧ್ಯೆ ಒಂದೊಂದು ಬೈಟ್‌ನ ಸ್ಪೇಸು, ಹೊಸ ಸಾಲು ಬೇರೆ, ಹಾಗಾಗಿ ಬ್ಲಾಕ್ ಮುಗಿಯೋ ಕಡೆ ಎಷ್ಟೋ ಸಲ ಅಕ್ಷರ ತುಂಡಾಗಿರುತ್ತೆ. ಒಂದು ಬ್ಲಾಕ್‌ನ ಕೊನೇ ಬೈಟ್ 224 ಆಗಿ ನಿಂತಿದ್ರೆ ಅದರ ಮುಂದಿನ ಬ್ಲಾಕ್ 178 ಇಲ್ಲಾ 179ರಿಂದಲೇ ಶುರುವಾಗ್ಬೇಕು. ಹಾಗೆ ಅರ್ಧ ಅಕ್ಷರದಿಂದ ಶುರುವಾಗೋ ಬ್ಲಾಕ್‌ಗಳು ಇಡೀ ಡಿಸ್ಕ್‌ನಲ್ಲಿ ಕೈ ಬೆರಳೆಣಿಕೆ. ಎರಡನ್ನೂ ಸೇರಿಸಿ, ತುಂಡಾಗಿದ್ದ ಅಕ್ಷರ ಕೂಡ್ಕೊಂಡು, ಸಾಲು ಅರ್ಥ ಆಗೋ ಹಾಗೆ ಬಂದ್ರೆ ಅದೇ ಜೋಡಿ. ನಾನು ಬೈಟ್ ಹೇಳ್ತಿದ್ದೆ, ಮೇಷ್ಟ್ರು ಸಾಲು ಕೇಳಿ ಹೌದು ಇದು ಹಸೆಗೆ ಕರೆಯೋ ಪದದ್ದೇ, ಅಲ್ಲ ಇದು ಹೆಣ್ಣು ಒಪ್ಪಿಸೋದು, ಅಂತ ಹೇಳ್ತಿದ್ರು. ಇಬ್ಬರಲ್ಲಿ ಒಬ್ರು ಇಲ್ದಿದ್ರೂ ಆ ಕೆಲಸ ಆಗ್ತಿರ್ಲಿಲ್ಲ.

ಹಳೇ ಪದಗಳದ್ದು ಇನ್ನೊಂದು ಕಥೆ. ಅವನ್ನ ಮೇಷ್ಟ್ರು ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ರು, ಯುನಿಕೋಡ್ ಅಲ್ಲ. ಅಂಥ ಫೈಲ್‌ನಲ್ಲಿ ಕನ್ನಡ ಅನ್ನೋದು ಫಾಂಟ್‌ನ ಕಣ್ಣಿಗೆ ಮಾತ್ರ ಕನ್ನಡ, ಡಿಸ್ಕ್ ಮೇಲೆ ನೋಡಿದ್ರೆ ಇಂಗ್ಲಿಷ್ ಅಕ್ಷರ ಮತ್ತು ಯುರೋಪಿನ ಚಿಹ್ನೆಗಳ ಕಲಸುಮೇಲೋಗರ, 224ರ ಗುರುತು ಅಲ್ಲಿ ನಡೆಯಲ್ಲ. ಅದಕ್ಕೆ ಮೇಷ್ಟ್ರಿಗೆ ನೆನಪಿದ್ದ ಪಲ್ಲವಿಗಳನ್ನ ಅದೇ ಫಾಂಟ್‌ನಲ್ಲಿ ಮತ್ತೆ ಟೈಪ್ ಮಾಡಿಸಿ, ಆ ಸಾಲು ಯಾವ ಬೈಟ್ ಆಗುತ್ತೋ ಅದನ್ನೇ ಡಿಸ್ಕ್ ತುಂಬಾ ಹುಡುಕಿದ್ವಿ. ಪಲ್ಲವಿ ಪ್ರತಿ ನುಡಿ ಆದ್ಮೇಲೂ ಬರುತ್ತಲ್ಲ, ಒಂದು ಕಡೆ ಅಳಿಸಿದ್ರೆ ಇನ್ನೊಂದು ಕಡೆ ಸಿಗ್ತಿತ್ತು. ಪಲ್ಲವಿ ನೆನಪಿಲ್ಲದೇ ಇದ್ದ ಪದಗಳು ಅಲ್ಲೇ ಎಲ್ಲೋ ಇರಬಹುದು, ನಮಗೆ ಸಿಗ್ಲಿಲ್ಲ. ಹಾಡಿದ್ದರ ಆಡಿಯೋ ರೆಕಾರ್ಡಿಂಗ್‌ಗಳಲ್ಲಿ ಕೆಲವು ಪೂರ್ತಿ ಬಂದ್ವು, ಕೆಲವು ಮಧ್ಯದಲ್ಲೇ ಬೇರೆ ಯಾವುದೋ ಫೈಲ್‌ನ ತುಂಡು ಸೇರ್ಕೊಂಡು ಕರ್ಕಶ ಸದ್ದಾಗಿ ಕೆಟ್ಟಿದ್ವು. ದೊಡ್ಡ ಫೈಲ್ ಬಹಳ ಬ್ಲಾಕ್ ತಿನ್ನುತ್ತೆ, ಅದರಲ್ಲಿ ಯಾವುದಾದ್ರೂ ಒಂದರ ಮೇಲೆ ಯಾರೋ ಬರೆದಿರೋ ಸಾಧ್ಯತೆಯೂ ಅಷ್ಟೇ ಜಾಸ್ತಿ.

ಇದೆಲ್ಲ ಮಾಡೋಕೆ ಮುಂಚೆ ನೋಡ್ಬೇಕಾದ ಒಂದು ಸುಲಭದ ದಾರಿಯೂ ಇದೆ. ಅಳಿಸಿದ ಫೈಲ್ ಇನ್ನೂ ಯಾವುದಾದ್ರೂ ಪ್ರೋಗ್ರಾಂ ಕೈಯಲ್ಲಿ ಓಪನ್ ಇದ್ರೆ, ವಿಡಿಯೋ ಪ್ಲೇಯರ್ ಆಗಿರಬಹುದು, ಡೇಟಾಬೇಸ್ ಆಗಿರಬಹುದು, ಲಾಗ್ ಬರೀತಿರೋ ಸರ್ವರ್ ಆಗಿರಬಹುದು, ಹೆಸರು ಹೋಗಿದ್ರೂ ಅದು ಮುಚ್ಚೋವರೆಗೆ ಕರ್ನಲ್ ಆ ಫೈಲನ್ನ ಬಿಟ್ಟುಕೊಡಲ್ಲ. ಪ್ರಾಕ್ ಅನ್ನೋ ಡೈರೆಕ್ಟರಿಯಲ್ಲಿ ಆ ಪ್ರೋಗ್ರಾಂನ ನಂಬರ್ ಒಳಗೆ ಎಫ್‌ಡಿ ಅಂತ ಇರುತ್ತೆ, ಅಲ್ಲಿಂದ ಕಾಪಿ ಮಾಡಿ ಬೇರೆ ಡಿಸ್ಕ್‌ಗೆ ಇಟ್ಕೊಂಡ್ರೆ ಪೂರ್ತಿ ಫೈಲ್ ಕೈಗೆ ಬಂತು. ಮಷೀನ್ ಮುಟ್ಟಬೇಡಿ ಅನ್ನೋ ನನ್ನ ಮಾತಿಗೆ ಇರೋ ಅಪವಾದ ಇದೊಂದೇ, ಇಲ್ಲಿ ಆಫ್ ಮಾಡಿದ್ರೇ ನಷ್ಟ. ಹಾಗಾಗಿ ಈಗ ಫೋನ್ ಬಂದ್ರೆ ಮೊದಲ ಪ್ರಶ್ನೆಯಾಗಿ ಇದನ್ನೇ ಕೇಳ್ತೀನಿ, ಆ ಫೈಲ್ ಇನ್ನೂ ಎಲ್ಲಾದ್ರೂ ತೆರೆದಿದೆಯಾ ಅಂತ.

ಎರಡನೇ ಪ್ರಶ್ನೆ, ಎಸ್‌ಎಸ್‌ಡಿನಾ ಹಾರ್ಡ್‌ಡಿಸ್ಕಾ. ಮೇಷ್ಟ್ರದ್ದು ತಿರುಗೋ ಹಾರ್ಡ್‌ಡಿಸ್ಕ್ ಆಗಿದ್ದಕ್ಕೆ ಇಷ್ಟೆಲ್ಲ ಮಾತಾಡೋಕೆ ಅವಕಾಶ. ಎಸ್‌ಎಸ್‌ಡಿಗೆ ಟ್ರಿಮ್ ಅಂತ ಒಂದು ಆದೇಶ ಇದೆ, ಯಾವ ಬ್ಲಾಕ್‌ಗಳು ಖಾಲಿ ಅಂತ ಸಿಸ್ಟಮ್ ಡಿಸ್ಕ್‌ಗೆ ಹೇಳುತ್ತೆ, ಹೇಳಿದ್ಮೇಲೆ ಆ ಜಾಗ ಓದಿದ್ರೆ ಸಾಮಾನ್ಯವಾಗಿ ಬರೀ ಸೊನ್ನೆ ಬರುತ್ತೆ. ಉಬುಂಟುನಲ್ಲಿ ಇದು ವಾರಕ್ಕೊಂದ್ಸಲ ತಾನಾಗೇ ನಡೆಯುತ್ತೆ. ಜರ್ನಲ್‌ನಲ್ಲಿ ವಿಳಾಸ ಸಿಕ್ಕಿದ್ರೂ ಆ ವಿಳಾಸದಲ್ಲಿ ಏನೂ ಇರಲ್ಲ. ಆದ್ರೆ ಆ ವಾರದ ಟ್ರಿಮ್ ಇನ್ನೂ ಆಗಿಲ್ಲದೇ ಇದ್ರೆ, ತಕ್ಷಣವೇ ಟ್ರಿಮ್ ಮಾಡೋ ಆಪ್ಷನ್ ಹಾಕಿರದೇ ಇದ್ರೆ, ಇನ್ನೂ ಆಸೆ ಇದೆ, ಅದಕ್ಕೇ ಎಸ್‌ಎಸ್‌ಡಿ ಇದ್ದವರು ಇನ್ನೂ ಬೇಗ ಆಫ್ ಮಾಡ್ಬೇಕು.

ಮೊಬೈಲ್ ವಿಷಯದಲ್ಲಿ ನಾನು ಜನರಿಗೆ ಆಸೆ ತೋರ್ಸೋದೇ ಇಲ್ಲ. ಇತ್ತೀಚಿನ ಆಂಡ್ರಾಯ್ಡ್ ಫೋನ್‌ಗಳ ಒಳಗಿನ ಸ್ಟೋರೇಜ್ ಎನ್‌ಕ್ರಿಪ್ಟ್ ಆಗಿರುತ್ತೆ, ಟ್ರಿಮ್ಮೂ ನಡೀತಿರುತ್ತೆ, ಅಳಿಸಿದ ಫೋಟೋ ವಾಪಸ್ ಕೊಡ್ತೀವಿ ಅನ್ನೋ ಆ್ಯಪ್‌ಗಳು ಹೆಚ್ಚಾಗಿ ತೋರ್ಸೋದು ಎಲ್ಲೋ ಉಳಿದಿದ್ದ ಥಂಬ್‌ನೇಲ್‌ಗಳನ್ನ. ತೀರಿಹೋದ ಮನೆಯವರ ಫೋಟೋ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡು ಬಂದವರ ಹತ್ರ ಅಂಥ ಆ್ಯಪ್‌ಗೆ ದುಡ್ಡು ಕಟ್ಟಿಸ್ಕೊಳ್ಳೋದನ್ನ ನೋಡಿದ್ರೆ ನನಗೆ ತಡೆಯಕ್ಕಾಗಲ್ಲ. ಅಂಥವರಿಗೆ ನಾನು ಹೇಳೋದು, ವಾಟ್ಸಾಪ್‌ನಲ್ಲಿ ಆ ಫೋಟೋ ಯಾರಿಗೆ ಕಳಿಸಿದ್ರಿ ನೆನಪು ಮಾಡ್ಕೊಳ್ಳಿ, ಅವರ ಫೋನ್‌ನಲ್ಲಿ ಇರುತ್ತೆ.

ಮೇಷ್ಟ್ರ ಡಿಸ್ಕ್‌ನಲ್ಲಿ ನಡೆದಿದ್ದು ಹೊಸ ಮಷೀನ್‌ಗಳಲ್ಲಿ ಅಷ್ಟು ಸಲೀಸಾಗಿ ನಡೆಯಲ್ಲ, ಅದನ್ನೂ ಹೇಳ್ಬಿಡ್ಬೇಕು. 2021ರ 5.13 ಕರ್ನಲ್‌ನಿಂದ ಈಚೆಗೆ ಎಕ್ಸ್‌ಟಿ4 ಫೈಲ್ ಅಳಿಸುವಾಗ ಡೈರೆಕ್ಟರಿಯಲ್ಲಿನ ಹೆಸರನ್ನೂ ಒರೆಸಿ ಹಾಕುತ್ತೆ. ಅಳಿಸಿದ ಫೈಲ್‌ನ ಹೆಸರು ಉಳ್ಕೊಳ್ಳೋದು ಎಷ್ಟೋ ಜನರಿಗೆ ಅಪಾಯ, ಆಸ್ಪತ್ರೆಯ ಫೈಲ್‌ಗಳ ಹೆಸರಲ್ಲೇ ರೋಗಿಯ ಹೆಸರಿರುತ್ತೆ, ಹಾಗಾಗಿ ಈ ಬದಲಾವಣೆ ಸರಿ ಅಂತಲೇ ನನ್ನ ಅಭಿಪ್ರಾಯ, ಫೈಲ್ ಹುಡುಕೋರಿಗೆ ಕಷ್ಟ ಆದ್ರೂ. ಇದಕ್ಕೆ ಸ್ವಲ್ಪ ಮುಂಚೆ 5.10ರಲ್ಲಿ ಬಂದ ಫಾಸ್ಟ್ ಕಮಿಟ್ ಅನ್ನೋದು ಇನ್ನೂ ಆಳದ ಬದಲಾವಣೆ. ಪ್ರತಿ ಸಲ ಪೂರ್ತಿ ಬ್ಲಾಕ್ ಬರೆಯೋ ಬದಲು ಏನು ಬದಲಾಯ್ತೋ ಅಷ್ಟನ್ನೇ ಜರ್ನಲ್‌ಗೆ ಬರೆಯೋ ವ್ಯವಸ್ಥೆ, ಸ್ಪೀಡ್ ಜಾಸ್ತಿ ಆಗುತ್ತೆ, ಆದ್ರೆ ಪಕ್ಕದ 15 ಐನೋಡ್‌ಗಳ ಕಾಪಿ ಪುಕ್ಕಟೆ ಸಿಗೋದು ಅಲ್ಲಿಗೆ ಕಮ್ಮಿ ಆಗುತ್ತೆ. ಮಧ್ಯೆ ಮಧ್ಯೆ ಪೂರ್ತಿ ಕಮಿಟ್ ಕೂಡ ಆಗ್ತಿರುತ್ತೆ, ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿದೆ ಅಂತಲ್ಲ. ಫಾಸ್ಟ್ ಕಮಿಟ್ ಡೀಫಾಲ್ಟ್ ಆಗಿ ಆನ್ ಇರಲ್ಲ, ಯಾರಾದ್ರೂ ಬೇಕಂತ ಹಾಕಿರ್ಬೇಕು, ಡಂಪ್‌ಇ2ಎಫ್‌ಎಸ್ ಅನ್ನೋ ಕಮಾಂಡ್ ಓಡಿಸಿದ್ರೆ ಫೀಚರ್‌ಗಳ ಸಾಲಿನಲ್ಲಿ ಇದೆಯೋ ಇಲ್ವೋ ಗೊತ್ತಾಗುತ್ತೆ. ಇದ್ರೆ ನಾನು ಜರ್ನಲ್ ಮೇಲೆ ಜಾಸ್ತಿ ಹೊತ್ತು ಕಳೆಯಲ್ಲ, ಇಮೇಜ್ ತೆಗೆದ ಕೂಡ್ಲೇ 224, 178 ಹಿಡ್ಕೊಂಡು ನೇರ ಬ್ಲಾಕ್‌ಗಳನ್ನೇ ಹುಡುಕೋಕೆ ಕೂರ್ತೀನಿ.